ಬೇಸ್‌ಬಾಲ್ ಆಟಗಾರರ ಅಡ್ಡಹೆಸರುಗಳು

ಬೇಸ್‌ಬಾಲ್ ಆಟಗಾರರ ಅಡ್ಡಹೆಸರುಗಳು ಎಂದರೆ ವೃತ್ತಿಪರ ಬೇಸ್‌ಬಾಲ್ ಕ್ರೀಡೆಯಲ್ಲಿ, ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಆಟಗಾರರ ನಿಜನಾಮದ ಜೊತೆಗೆ ಅಥವಾ ಅದರ ಬದಲಿಗೆ ರೂಢಿಗೆ ಬಂದ ಹೆಸರುಗಳು. ಈ ರೂಢಿಯು 19ನೆಯ ಶತಮಾನದ ಉತ್ತರಾರ್ಧದಿಂದಲೂ ಇದೆ. ಬೇಬ್ ರೂತ್, ಯೋಗಿ ಬೆರಾ, ಸೈ ಯಂಗ್, ಸ್ಯಾಚೆಲ್ ಪೇಜ್ ಮೊದಲಾದವರ ವಿಷಯದಲ್ಲಿ ಅಡ್ಡಹೆಸರೇ ಪ್ರಸಿದ್ಧವಾಗಿ, ಹೆತ್ತವರು ಇಟ್ಟ ಹೆಸರು ಹಿನ್ನೆಲೆಗೆ ಸರಿದಿದೆ. ಬಿರುದನ್ನು ಸಾಮಾನ್ಯವಾಗಿ ಒಂದು ಸಭೆ ಅಥವಾ ಸಂಸ್ಥೆ ನೀಡುತ್ತದೆ. ಅಡ್ಡಹೆಸರಿಗೆ ಅಂತಹ ವಿಧಿಯಿಲ್ಲ. ಸಹ ಆಟಗಾರರು, ಪ್ರೇಕ್ಷಕರು, ಪತ್ರಕರ್ತರು, ತಂಡಗಳ ಮಾಲೀಕರು ಹೀಗೆ ಯಾರು ಬೇಕಾದರೂ ಹೆಸರಿಟ್ಟಿದ್ದಾರೆ. ಹೆಸರು ಹೊತ್ತವರ ಒಪ್ಪಿಗೆಯನ್ನು ಕೇಳಿದ್ದು ವಿರಳ. ಆದ್ದರಿಂದ ಈ ಹೆಸರುಗಳಲ್ಲಿ ಮೆಚ್ಚುಗೆ ಮತ್ತು ವಿನೋದದ ಜೊತೆಗೆ ಆಯಾ ಕಾಲದ ವರ್ಣಭೇದವೂ ಅಂಗವಿಕಲರ ಬಗೆಗಿನ ತಾತ್ಸಾರವೂ ದಾಖಲಾಗಿವೆ.

ಹಿನ್ನೆಲೆ

ಬೇಸ್‌ಬಾಲ್‌ನಲ್ಲಿ ಚೆಂಡನ್ನು ಎಸೆಯುವ ಆಟಗಾರನನ್ನು ಪಿಚರ್ ಎಂದೂ ದಾಂಡಿಗನ ಹಿಂದೆ ಕುಳಿತು ಚೆಂಡನ್ನು ಹಿಡಿಯುವವನನ್ನು ಕ್ಯಾಚರ್ ಎಂದೂ ಕರೆಯುತ್ತಾರೆ. ವೃತ್ತಿಪರ ತಂಡಗಳು ಬೆಳೆದ ಕಾಲದಲ್ಲಿ ಬಾನುಲಿ, ದೂರದರ್ಶನಗಳು ಇರಲಿಲ್ಲ; ಆಟವನ್ನು ನೋಡದವರಿಗೆ ಅದು ತಲುಪುತ್ತಿದ್ದುದು ದಿನಪತ್ರಿಕೆಗಳ ಮೂಲಕ. ಓದುಗರ ಮನಸ್ಸಿನಲ್ಲಿ ಆಟಗಾರನ ಚಿತ್ರ ಮೂಡಿಸಲು ವರದಿಗಾರರಿಗೆ ಚಿಕ್ಕ, ಚುರುಕಾದ ಹೆಸರುಗಳು ಬೇಕಾಗಿದ್ದವು. ತಲೆಬರಹದಲ್ಲಿ ಕಡಿಮೆ ಜಾಗದೊಳಗೆ ಹಿಡಿಯುವುದೂ ಅವುಗಳ ಅನುಕೂಲವಾಗಿತ್ತು. ‘ಕಿಂಗ್’ ಎಂದು ಕರೆಸಿಕೊಳ್ಳುತ್ತಿದ್ದ ಮೈಕ್ ಕೆಲ್ಲಿ ಅವರನ್ನು 1887ರಲ್ಲಿ ಶಿಕಾಗೊ ತಂಡವು 10,000 ಡಾಲರ್‌ಗೆ ಬಾಸ್ಟನ್ ತಂಡಕ್ಕೆ ಮಾರಿದಾಗ, ಆ ಬೆಲೆಯೂ ಅವರ ಮತ್ತೊಂದು ಅಡ್ಡಹೆಸರಿನ ಭಾಗವಾಯಿತು.

ತಂಡಗಳ ಒಳಗೆ ಹುಟ್ಟಿದ ಹೆಸರುಗಳು ಇದಕ್ಕಿಂತ ಸರಳವಾಗಿದ್ದವು. ಎಡಗೈ ಆಟಗಾರರಿಗೆ ‘ಲೆಫ್ಟಿ’, ಕೆಂಗೂದಲಿನವರಿಗೆ ‘ರೆಡ್’, ತಿಳಿಬಣ್ಣದ ಕೂದಲಿನವರಿಗೆ ‘ವೈಟಿ’ ಎಂಬ ಹೆಸರುಗಳು ಹಲವು ತಲೆಮಾರುಗಳವರೆಗೆ ನಡೆದುಬಂದವು.

ಹೆಸರುಗಳ ಮೂಲ

ಆಟದ ಶಕ್ತಿಯಿಂದ ಬಂದವು

ಡೆಂಟನ್ ಟ್ರೂ ಯಂಗ್ ಅವರ ಎಸೆತಗಳ ಹೊಡೆತಕ್ಕೆ ಮರದ ಬೇಲಿಯು ಸುಂಟರಗಾಳಿಗೆ ಸಿಕ್ಕಂತೆ ಹಾಳಾಗಿತ್ತೆಂಬ ಕಥೆಯಿಂದ ‘ಸೈಕ್ಲೋನ್’ ಎಂಬ ಹೆಸರು ಬಂದು, ಮುಂದೆ ‘ಸೈ’ ಎಂದು ಮೊಟಕಾಯಿತು. 511 ಪಂದ್ಯಗಳನ್ನು ಗೆದ್ದ ಅವರ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ. ಶ್ರೇಷ್ಠ ಪಿಚರ್‌ಗಳಿಗೆ 1956ರಿಂದ ನೀಡಲಾಗುತ್ತಿರುವ ವಾರ್ಷಿಕ ಪ್ರಶಸ್ತಿಯ ಹೆಸರೂ ‘ಸೈ ಯಂಗ್ ಪ್ರಶಸ್ತಿ’ ಎಂದೇ ಇದೆ.

ವೇಗ ಮತ್ತು ಬಲಕ್ಕೆ ಅಂದಿನ ಜನರಿಗೆ ಸಹಜವಾಗಿ ತೋರುತ್ತಿದ್ದ ಹೋಲಿಕೆ ರೈಲು. ವಾಷಿಂಗ್ಟನ್ ತಂಡದ ವೇಗದ ಪಿಚರ್ ವಾಲ್ಟರ್ ಜಾನ್ಸನ್ ‘ಬಿಗ್ ಟ್ರೇನ್’ ಆದರು. 1925ರಿಂದ 1939ರವರೆಗೆ ಸತತ 2,130 ಪಂದ್ಯಗಳಲ್ಲಿ ಆಡಿದ ಲೂ ಗೆಹ್ರಿಗ್ ಅವರು ‘ಐರನ್ ಹಾರ್ಸ್’ ಎನಿಸಿದರು. ‘ಕಬ್ಬಿಣದ ಕುದುರೆ’ ಎಂಬುದು ರೈಲು ಎಂಜಿನ್ನಿಗೆ ಹಿಂದೆ ಇದ್ದ ಹೆಸರು. ನರರೋಗವು ಗೆಹ್ರಿಗ್ ಅವರ ಆಟವನ್ನು ನಿಲ್ಲಿಸಿತು, 1941ರಲ್ಲಿ ಅವರು ನಿಧನರಾದರು. ಆ ರೋಗವನ್ನು ಅಮೆರಿಕದಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಫ್ರ್ಯಾಂಕ್ ಬೇಕರ್ ಅವರಿಗೆ 1911ರ ವರ್ಲ್ಡ್ ಸೀರೀಸ್ ಸರಣಿಯಲ್ಲಿ ಬಾರಿಸಿದ ಎರಡು ಹೋಮ್ ರನ್‌ಗಳಿಂದ ‘ಹೋಮ್ ರನ್’ ಬೇಕರ್ ಎಂಬ ಹೆಸರು ಬಂತು. ಅವರು ಒಂದು ಋತುವಿನಲ್ಲಿ ಗಳಿಸಿದ ಅತಿ ಹೆಚ್ಚಿನ ಹೋಮ್ ರನ್‌ಗಳು 12 ಮಾತ್ರ. ಹೋಮ್ ರನ್ ಅಪರೂಪವಾಗಿದ್ದ ಕಾಲದ ಅಳತೆಯನ್ನು ಈ ಹೆಸರು ತೋರಿಸುತ್ತದೆ.

ಬಾಲ್ಯ ಮತ್ತು ಬಡತನದಿಂದ ಬಂದವು

ಜಾರ್ಜ್ ಹರ್ಮನ್ ರೂತ್ ಅವರು ಬಾಲ್ಟಿಮೋರ್‌ನ ಸೇಂಟ್ ಮೇರೀಸ್ ಎಂಬ ಕೈಗಾರಿಕಾ ಶಾಲೆಯಲ್ಲಿ ಬೆಳೆದವರು. 1914ರಲ್ಲಿ, 19ರ ಹರೆಯದಲ್ಲಿ, ಜ್ಯಾಕ್ ಡನ್ ಅವರು ಅವರನ್ನು ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕೆ ಸೇರಿಸಿಕೊಂಡಾಗ, ಹಿರಿಯ ಆಟಗಾರರು ಅವರನ್ನು ಡನ್ ಅವರ ‘ಬೇಬ್’, ಅಂದರೆ ಕೂಸು, ಎಂದು ಹಾಸ್ಯ ಮಾಡಿದರು. 714 ಹೋಮ್ ರನ್ ಬಾರಿಸಿದ ಮೇಲೂ ಅದೇ ಹೆಸರು ಉಳಿಯಿತು. ಶಿಶು ಎಂಬ ಅರ್ಥದ ಇಟಾಲಿಯನ್ ಪದ ‘ಬ್ಯಾಂಬಿನೊ’ ಸಹ ಅವರಿಗೆ ಅಂಟಿಕೊಂಡಿತು. ರೂತ್ ಅವರನ್ನು ಮಾರಿದ ಬಾಸ್ಟನ್ ರೆಡ್ ಸಾಕ್ಸ್ ತಂಡವು 1918ರ ನಂತರ 2004ರವರೆಗೆ ವರ್ಲ್ಡ್ ಸೀರೀಸ್ ಗೆಲ್ಲದಿದ್ದಾಗ, ಜನರು ಅದನ್ನು ‘ಬ್ಯಾಂಬಿನೊ ಶಾಪ’ ಎಂದು ಕರೆದರು.

ಹೆರಾಲ್ಡ್ ರೀಸ್ ಅವರು ಬಾಲ್ಯದಲ್ಲಿ ಗೋಲಿಯಾಟದಲ್ಲಿ ನಿಪುಣರಾಗಿದ್ದುದರಿಂದ, ಸಣ್ಣ ಗೋಲಿಯ ಹೆಸರಾದ ‘ಪೀ ವೀ’ ಎಂಬುದನ್ನು ಪಡೆದರು. ದಕ್ಷಿಣ ಕೆರೊಲಿನಾದ ಬಟ್ಟೆ ಗಿರಣಿಯಲ್ಲಿ ಚಿಕ್ಕಂದಿನಿಂದ ದುಡಿದ ಜೋ ಜ್ಯಾಕ್ಸನ್ ಅವರು, ಹೊಸ ಬೂಟು ಕಚ್ಚಿ ಬೊಬ್ಬೆ ಎದ್ದುದರಿಂದ ಒಂದು ಪಂದ್ಯದಲ್ಲಿ ಬೂಟಿಲ್ಲದೆ ಕಾಲುಚೀಲದಲ್ಲೇ ಆಡಿದರು. ಆ ಒಂದು ದಿನದ ‘ಶೂಲೆಸ್’ ಎಂಬ ಹೆಸರು ಜೀವನಪೂರ್ತಿ ಉಳಿಯಿತು. 1919ರ ವರ್ಲ್ಡ್ ಸೀರೀಸ್ ಮೋಸದ ಪ್ರಕರಣದಲ್ಲಿ ನ್ಯಾಯಾಲಯವು ಖುಲಾಸೆ ಮಾಡಿದರೂ 1921ರಲ್ಲಿ ಅವರನ್ನು ಆಟದಿಂದ ಶಾಶ್ವತವಾಗಿ ಹೊರಹಾಕಲಾಯಿತು. ಮೃತರಾದ ಆಟಗಾರರನ್ನು ನಿಷೇಧಿತರ ಪಟ್ಟಿಯಿಂದ ಕೈಬಿಡುವ ನಿರ್ಧಾರವು 2025ರಲ್ಲಿ ಪ್ರಕಟವಾದಾಗ ಅವರ ಹೆಸರೂ ಆ ಪಟ್ಟಿಯಿಂದ ಹೊರಬಂತು.

ಅಣಕದಿಂದ ಬಂದವು

ನಾಲ್ಕು ತಪ್ಪು ಎಸೆತಗಳಿಂದ ಮೊದಲ ಬೇಸ್ ತಾನಾಗಿ ದೊರೆತಾಗ ಆಟಗಾರರು ನಡೆದುಕೊಂಡು ಹೋಗುವುದು ವಾಡಿಕೆ. ಪೀಟ್ ರೋಸ್ ಅವರು ಆಗಲೂ ಓಡುತ್ತಿದ್ದರು. 1963ರ ಅಭ್ಯಾಸ ಪಂದ್ಯವೊಂದರಲ್ಲಿ ಇದನ್ನು ಕಂಡ ನ್ಯೂಯಾರ್ಕ್ ಯಾಂಕೀಸ್ ತಂಡದ ವೈಟಿ ಫೋರ್ಡ್ ಅವರು ‘ಚಾರ್ಲಿ ಹಸಲ್’ ಎಂದು ಗೇಲಿ ಮಾಡಿದರು. ರೋಸ್ ಅದನ್ನು ಹೊಗಳಿಕೆಯಾಗಿಯೇ ಸ್ವೀಕರಿಸಿದರು. ರೆಜಿ ಜ್ಯಾಕ್ಸನ್ ಅವರನ್ನು ‘ಮಿಸ್ಟರ್ ಅಕ್ಟೋಬರ್’ ಎಂದು ಸಹ ಆಟಗಾರ ಥರ್ಮನ್ ಮನ್ಸನ್ ಕರೆದುದೂ ವ್ಯಂಗ್ಯವಾಗಿಯೇ. ಆದರೆ 1977ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಜ್ಯಾಕ್ಸನ್ ಅವರು ಮೂರು ಎಸೆತಗಳಿಗೆ ಮೂರು ಹೋಮ್ ರನ್ ಬಾರಿಸಿದ ಮೇಲೆ ಆ ಹೆಸರಿನಲ್ಲಿ ವ್ಯಂಗ್ಯ ಉಳಿಯಲಿಲ್ಲ.

ಯೋಗಿ ಬೆರಾ

ಅಮೆರಿಕದ ಬೇಸ್‌ಬಾಲ್ ಹೆಸರುಗಳಲ್ಲಿ ಭಾರತದೊಡನೆ ನೇರ ಸಂಬಂಧವಿರುವುದು ಲಾರೆನ್ಸ್ ಪೀಟರ್ ಬೆರಾ (1925–2015) ಅವರ ‘ಯೋಗಿ’. ಸೇಂಟ್ ಲೂಯಿಸ್ ನಗರದ ಇಟಾಲಿಯನ್ ವಲಸಿಗರ ಬಡಾವಣೆಯಲ್ಲಿ ಬೆಳೆದ ಬೆರಾ, ದಾಂಡು ಹಿಡಿಯುವ ಸರದಿಗೆ ಕಾಯುವಾಗ ಕೈಕಟ್ಟಿ, ಕಾಲು ಮಡಚಿ ಕೂರುತ್ತಿದ್ದರು. ಭಾರತದ ಕುರಿತ ಚಲನಚಿತ್ರವೊಂದರಲ್ಲಿ ಕುಳಿತ ಯೋಗಿಯನ್ನು ನೋಡಿದ್ದ ಗೆಳೆಯರಿಗೆ ಆ ಭಂಗಿ ನೆನಪಾಯಿತು. ಯಾಂಕೀಸ್ ತಂಡದ ಕ್ಯಾಚರ್ ಆಗಿ ಬೆರಾ ಅವರು ಹತ್ತು ವರ್ಲ್ಡ್ ಸೀರೀಸ್ ವಿಜಯಗಳಲ್ಲಿ ಪಾಲುಗೊಂಡರು. ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿಯನ್ನು ಮೂರು ಬಾರಿ ಪಡೆದರು.

1958ರಲ್ಲಿ ‘ಯೋಗಿ ಬೇರ್’ ಎಂಬ ಕರಡಿಯ ವ್ಯಂಗ್ಯಚಿತ್ರ ಪಾತ್ರವು ದೂರದರ್ಶನದಲ್ಲಿ ಕಾಣಿಸಿಕೊಂಡಿತು. ಹೆಸರು ಬೆರಾ ಅವರಿಂದ ಬಂದದ್ದಲ್ಲ ಎಂದು ನಿರ್ಮಾಪಕರು ಹೇಳಿದರೂ ಜನರು ನಂಬಲಿಲ್ಲ. 2015ರಲ್ಲಿ ಬೆರಾ ನಿಧನರಾದಾಗ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಮೊದಲ ಸುದ್ದಿಯಲ್ಲಿ ಅವರ ಹೆಸರಿನ ಬದಲು ಕರಡಿಯ ಹೆಸರು ಪ್ರಕಟವಾಗಿ, ಬಳಿಕ ಅದನ್ನು ತಿದ್ದಲಾಯಿತು.

ನೀಗ್ರೋ ಲೀಗ್‌ಗಳು

19ನೆಯ ಶತಮಾನದ ಕೊನೆಯಿಂದ 1947ರಲ್ಲಿ ಜಾಕಿ ರಾಬಿನ್ಸನ್ ಅವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಆಡುವವರೆಗೆ ಪ್ರಮುಖ ಲೀಗ್‌ಗಳು ಕಪ್ಪುವರ್ಣೀಯರಿಗೆ ಮುಚ್ಚಿದ್ದವು. ಅವರು ತಮ್ಮದೇ ಆದ ನೀಗ್ರೋ ಲೀಗ್‌ಗಳಲ್ಲಿ ಆಡಿದರು. ಅಲ್ಲಿಯ ಪಂದ್ಯಗಳ ಅಂಕಿಅಂಶಗಳು ಪೂರ್ಣವಾಗಿ ದಾಖಲಾಗದಿದ್ದ ಕಾರಣ, ಆಟಗಾರರ ಕೀರ್ತಿಯು ಬಹುಮಟ್ಟಿಗೆ ಕಥೆಗಳ ಮತ್ತು ಅಡ್ಡಹೆಸರುಗಳ ರೂಪದಲ್ಲಿ ಉಳಿದುಬಂತು.

ಲಿರಾಯ್ ಪೇಜ್ ಅವರು ಬಾಲ್ಯದಲ್ಲಿ ಅಲಬಾಮಾದ ಮೊಬೀಲ್ ನಗರದ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಹೊರುತ್ತಿದ್ದರು. ಒಂದೇ ಬಾರಿಗೆ ಹಲವು ಚೀಲಗಳನ್ನು ಹೊರುತ್ತಿದ್ದುದರಿಂದ, ಕೈಚೀಲ ಎಂಬ ಅರ್ಥದ ‘ಸ್ಯಾಚೆಲ್’ ಎಂಬ ಹೆಸರು ಬಂದಿತೆಂದು ಅವರೇ ಹೇಳುತ್ತಿದ್ದರು. 1948ರಲ್ಲಿ, 42ನೆಯ ವಯಸ್ಸಿನಲ್ಲಿ, ಅವರಿಗೆ ಮೇಜರ್ ಲೀಗ್‌ನಲ್ಲಿ ಆಡುವ ಮೊದಲ ಅವಕಾಶ ದೊರೆಯಿತು. ಹರೆಯದಲ್ಲೇ ಒತ್ತಡಕ್ಕೆ ಅಂಜದೆ ಎಸೆಯುತ್ತಿದ್ದ ಜೇಮ್ಸ್ ಬೆಲ್ ಅವರು ‘ಕೂಲ್’ ಎನಿಸಿದರು. ಹೆಸರಿಗೆ ಗತ್ತು ಬರಲೆಂದು ತಂಡದ ಮ್ಯಾನೇಜರ್ ಬಿಲ್ ಗೇಟ್‌ವುಡ್ ಅದಕ್ಕೆ ‘ಪಾಪಾ’ ಸೇರಿಸಿದರು. ಟೆಡ್ ರ‍್ಯಾಡ್‌ಕ್ಲಿಫ್ ಅವರು 1932ರಲ್ಲಿ ಒಂದೇ ದಿನ ಮೊದಲ ಪಂದ್ಯದಲ್ಲಿ ಕ್ಯಾಚರ್ ಆಗಿ, ಎರಡನೆಯದರಲ್ಲಿ ಪಿಚರ್ ಆಗಿ ಆಡಿದ್ದನ್ನು ಕಂಡು ಪತ್ರಕರ್ತ ಡೇಮನ್ ರನ್ಯನ್ ಅವರು ‘ಡಬಲ್ ಡ್ಯೂಟಿ’ ಎಂಬ ಹೆಸರಿಟ್ಟರೆಂಬ ಕಥೆ ಪ್ರಚಲಿತವಾಗಿದೆ.

ಜಾಶ್ ಗಿಬ್ಸನ್ ಅವರನ್ನು ‘ಕಪ್ಪು ಬೇಬ್ ರೂತ್’ ಎಂದು ಕರೆಯುತ್ತಿದ್ದರು. ಹೊಗಳಿಕೆಯಾದರೂ ಅದರಲ್ಲಿ ಅಳತೆಗೋಲು ಬಿಳಿಯ ಆಟಗಾರನದೇ ಆಗಿತ್ತು. 2024ರಲ್ಲಿ ನೀಗ್ರೋ ಲೀಗ್‌ಗಳ ಅಂಕಿಅಂಶಗಳನ್ನು ಮೇಜರ್ ಲೀಗ್ ದಾಖಲೆಗಳಲ್ಲಿ ಸೇರಿಸಿದಾಗ, 0.372 ಸರಾಸರಿಯೊಂದಿಗೆ ಗಿಬ್ಸನ್ ಅವರು ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲ ಸ್ಥಾನಕ್ಕೆ ಬಂದರು.

ಅವಹೇಳನಕಾರಿ ಹೆಸರುಗಳು

ಮೂಲನಿವಾಸಿ ಅಮೆರಿಕನ್ ಆಟಗಾರರನ್ನು ಅವರ ಬುಡಕಟ್ಟು ಯಾವುದೆಂದು ನೋಡದೆ ‘ಚೀಫ್’ (ಬುಡಕಟ್ಟಿನ ಮುಖ್ಯಸ್ಥ) ಎಂದು ಕರೆಯುವುದು ರೂಢಿಯಾಗಿತ್ತು. ಓಜಿಬ್ವೆ ಜನಾಂಗದ ಪಿಚರ್ ಚಾರ್ಲ್ಸ್ ಆಲ್ಬರ್ಟ್ ಬೆಂಡರ್ ಮತ್ತು ಕಹುಯಿಲ್ಲಾ ಜನಾಂಗದ ಕ್ಯಾಚರ್ ಜಾನ್ ಮೇಯರ್ಸ್ ಇಬ್ಬರಿಗೂ ಇದೇ ಹೆಸರು. ಬೆಂಡರ್ ಇದನ್ನು ಇಷ್ಟಪಡಲಿಲ್ಲ. ಹಸ್ತಾಕ್ಷರ ನೀಡುವಾಗ ತಮ್ಮ ನಿಜವಾದ ಹೆಸರನ್ನೇ ಬರೆಯುತ್ತಿದ್ದರು. ಅವರ ಮ್ಯಾನೇಜರ್ ಕಾನಿ ಮ್ಯಾಕ್ ಅವರು ‘ಆಲ್ಬರ್ಟ್’ ಎಂದೇ ಕರೆಯುತ್ತಿದ್ದರು.

ಕಿವುಡ ಆಟಗಾರರಿಗೆ ‘ಡಮ್ಮಿ’ (ಮೂಗ) ಎಂಬ ಹೆಸರು ಬೀಳುತ್ತಿತ್ತು. 1888ರಿಂದ 1902ರವರೆಗೆ ಪ್ರಮುಖ ಲೀಗ್‌ಗಳಲ್ಲಿ ಆಡಿದ ವಿಲಿಯಂ ಹಾಯ್ ಮತ್ತು ನ್ಯೂಯಾರ್ಕ್ ಜಯಂಟ್ಸ್ ತಂಡದ ಪಿಚರ್ ಲೂಥರ್ ಟೇಲರ್ ಇವರಲ್ಲಿ ಪ್ರಮುಖರು. 1902ರ ಮೇ 16ರಂದು ಇವರಿಬ್ಬರೂ ಎದುರಾಳಿಗಳಾಗಿ ಆಡಿದಾಗ ಹಾಯ್ ಅವರು ಟೇಲರ್ ಅವರನ್ನು ಸಂಜ್ಞಾಭಾಷೆಯಲ್ಲಿ ಅಭಿನಂದಿಸಿದರು. ಇಂದು ನಿಂದನೆಯೆನಿಸುವ ಈ ಹೆಸರನ್ನು ಹಾಯ್ ಸ್ವತಃ ಒಪ್ಪಿಕೊಂಡಿದ್ದರು. ವಿಲಿಯಂ ಎಂದು ಕರೆದವರನ್ನು ತಿದ್ದುತ್ತಿದ್ದರು. ಒಂದೇ ಬಗೆಯ ಹೆಸರು ಒಬ್ಬರಿಗೆ ಗಾಯವಾಗಿ, ಇನ್ನೊಬ್ಬರಿಗೆ ಗುರುತಾಗಿ ಪರಿಣಮಿಸಬಹುದೆಂಬುದಕ್ಕೆ ಬೆಂಡರ್ ಮತ್ತು ಹಾಯ್ ಅವರ ಬದುಕು ನಿದರ್ಶನವಾಗಿದೆ.

ಪೋರ್ಟೊ ರಿಕೊದ ರಾಬರ್ಟೊ ಕ್ಲೆಮೆಂಟೆ ಅವರನ್ನು ಪತ್ರಕರ್ತರು ಇಂಗ್ಲಿಷ್ ರೂಢಿಯಂತೆ ‘ಬಾಬ್’ ಎಂದು ಬರೆದರು. ಬೇಸ್‌ಬಾಲ್ ಕಾರ್ಡ್‌ಗಳಲ್ಲಿಯೂ 1950ರ ದಶಕದ ಕೊನೆಯಿಂದ 1969ರವರೆಗೆ ಅದೇ ಹೆಸರು ಅಚ್ಚಾಯಿತು. ಕ್ಲೆಮೆಂಟೆ ಅವರು ತಮ್ಮ ಹೆಸರು ರಾಬರ್ಟೊ ಎಂದೇ ಹೇಳುತ್ತ ಬಂದರು. ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ಅವರು 1972ರ ಡಿಸೆಂಬರ್ 31ರಂದು ವಿಮಾನ ಅಪಘಾತದಲ್ಲಿ ಮಡಿದರು. ಕೂಪರ್ಸ್‌ಟೌನ್‌ನಲ್ಲಿರುವ ಹಾಲ್ ಆಫ್ ಫೇಮ್‌ನ ಫಲಕದಲ್ಲಿ ಅವರ ತಂದೆಯ ಮತ್ತು ತಾಯಿಯ ಕುಲನಾಮಗಳು ಹಿಂದುಮುಂದಾಗಿದ್ದವು. ಅದನ್ನು 2000ದಲ್ಲಿ ‘ರಾಬರ್ಟೊ ಕ್ಲೆಮೆಂಟೆ ವಾಕರ್’ ಎಂದು ಸರಿಪಡಿಸಲಾಯಿತು.

ಮಾಲೀಕರು ಮತ್ತು ಜಾಹೀರಾತು

ಓಕ್ಲಂಡ್ ಅಥ್ಲೆಟಿಕ್ಸ್ ತಂಡದ ಮಾಲೀಕ ಚಾರ್ಲಿ ಫಿನ್ಲೆ ಅವರು ಪ್ರಚಾರಕ್ಕಾಗಿ ಅಡ್ಡಹೆಸರುಗಳನ್ನು ತಾವೇ ಸೃಷ್ಟಿಸಿದರು. ತಂಡವು ಇನ್ನೂ ಕ್ಯಾನ್ಸಸ್ ಸಿಟಿಯಲ್ಲಿದ್ದಾಗ, ಉತ್ತರ ಕೆರೊಲಿನಾದ ಯುವ ಪಿಚರ್ ಜಿಮ್ ಹಂಟರ್ ಅವರಿಗೆ ಒಂದು ಜಾತಿಯ ಮೀನಿನ ಹೆಸರಾದ ‘ಕ್ಯಾಟ್‌ಫಿಶ್’ ಎಂಬುದನ್ನು ಕೊಟ್ಟರು. ಬಾಲಕನಾಗಿದ್ದಾಗ ಮನೆಬಿಟ್ಟು ಮೀನು ಹಿಡಿಯಲು ಹೋಗಿದ್ದನೆಂಬ ಕಥೆಯನ್ನೂ ಹೆಣೆದು, ಪತ್ರಕರ್ತರಿಗೆ ಅದನ್ನೇ ಹೇಳುವಂತೆ ಸೂಚಿಸಿದರು. ಆ ಹೆಸರೇ ಶಾಶ್ವತವಾಯಿತು. 1971ರಲ್ಲಿ ಪಿಚರ್ ವೈಡಾ ಬ್ಲೂ ಅವರಿಗೆ ಮೊದಲ ಹೆಸರನ್ನು ‘ಟ್ರೂ’ ಎಂದು ಬದಲಿಸಿಕೊಂಡರೆ 2,000 ಡಾಲರ್ ಕೊಡುವುದಾಗಿ ಫಿನ್ಲೆ ಹೇಳಿದರು. ‘ಟ್ರೂ ಬ್ಲೂ’ ಎಂದರೆ ಇಂಗ್ಲಿಷಿನಲ್ಲಿ ನಿಷ್ಠಾವಂತ ಎಂದರ್ಥ. ವೈಡಾ ಎಂಬುದು ತೀರಿಕೊಂಡಿದ್ದ ತಮ್ಮ ತಂದೆಯ ಹೆಸರಾದ್ದರಿಂದ ಬ್ಲೂ ನಿರಾಕರಿಸಿದರು.

1976ರಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡದ ಮಾಲೀಕ ಟೆಡ್ ಟರ್ನರ್ ಅವರು 17ನೆಯ ಸಂಖ್ಯೆಯ ಅಂಗಿ ತೊಡುತ್ತಿದ್ದ ಪಿಚರ್ ಆಂಡಿ ಮೆಸ್ಸರ್‌ಸ್ಮಿತ್ ಅವರ ಬೆನ್ನಿನ ಮೇಲೆ ‘ಚಾನೆಲ್’ ಎಂದು ಬರೆಸಿದರು. ಟರ್ನರ್ ಅವರ ದೂರದರ್ಶನ ಕೇಂದ್ರವು 17ನೆಯ ಚಾನೆಲ್ ಆಗಿತ್ತು. ಲೀಗ್ ಇದನ್ನು ನಿಲ್ಲಿಸಿತು.

ಇತ್ತೀಚಿನ ಬಳಕೆ

ಜಪಾನಿನ ಸುಜುಕಿ ಇಚಿರೊ ಅವರ ಕುಲನಾಮವು ಅಲ್ಲಿ ಅತಿ ಸಾಮಾನ್ಯ. 1994ರಲ್ಲಿ ಓರಿಕ್ಸ್ ಬ್ಲೂವೇವ್ ತಂಡದ ಮ್ಯಾನೇಜರ್ ಅಕಿರಾ ಓಗಿ ಅವರ ಸಲಹೆಯಂತೆ ಅವರು ‘ಇಚಿರೊ’ ಎಂಬ ಹೆಸರನ್ನೇ ಅಂಗಿಯ ಮೇಲೆ ಧರಿಸಿದರು. 2001ರಲ್ಲಿ ಸಿಯಾಟಲ್‌ಗೆ ಹೋದಾಗಲೂ ಅದನ್ನು ಉಳಿಸಿಕೊಂಡರು.

2017ರ ಆಗಸ್ಟ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಒಂದು ವಾರಾಂತ್ಯದ ಮಟ್ಟಿಗೆ, ಆಟಗಾರರು ತಾವೇ ಆರಿಸಿಕೊಂಡ ಅಡ್ಡಹೆಸರನ್ನು ಅಂಗಿಯ ಮೇಲೆ ಧರಿಸಲು ಅವಕಾಶ ನೀಡಿತು. ಆಟಗಾರ ಕೋರಿ ಸೀಗರ್ ಅವರ ಅಣ್ಣ ಕೈಲ್ ಸೀಗರ್ ಅವರು ‘ಕೋರಿಯ ಸಹೋದರ’ ಎಂದು ಬರೆಸಿಕೊಂಡರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಇತರರು ಇಡುತ್ತಿದ್ದ ಹೆಸರನ್ನು ಆಯ್ದುಕೊಳ್ಳುವ ಹಕ್ಕು ಹೀಗೆ ಅಧಿಕೃತವಾಗಿ ಆಟಗಾರರ ಕೈಗೆ ಬಂತು.

ಇವನ್ನೂ ನೋಡಿ

ಬೇಸ್‌ಬಾಲ್
ಮೇಜರ್ ಲೀಗ್ ಬೇಸ್‌ಬಾಲ್
ನೀಗ್ರೋ ಲೀಗ್‌ಗಳು
ಜಾಕಿ ರಾಬಿನ್ಸನ್