ಪರದೆಯ ಮೇಲೆ ಕೆಂಪು ಬಸ್ಸು: ಅಭಿಮಾನಿಗಳ 'ಮಾಡ್'ಗಳ ಏಳುಬೀಳು

ತುಮಕೂರು: ಇಲ್ಲಿಂದ ಗುಬ್ಬಿ, ಕುಣಿಗಲ್ ಕಡೆಗೆ ನಿತ್ಯ ಓಡಾಡುವ ಕರ್ನಾಟಕ ಸಾರಿಗೆಯ ಕೆಂಪು ಬಸ್ಸು ಇಂಡೋನೇಷ್ಯಾದ ರಸ್ತೆಗಳಲ್ಲೂ ಓಡುತ್ತಿದೆ ಎಂದರೆ ಓದುಗರು ಹುಬ್ಬೇರಿಸಬಹುದು. ಓಡುತ್ತಿರುವುದು ಮೊಬೈಲ್ ಪರದೆಯ ಮೇಲೆ. ಇಂಡೋನೇಷ್ಯಾದ ಮಲೆಯೊ ಸಂಸ್ಥೆ 2017ರಲ್ಲಿ ಹೊರತಂದ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' ಆಟದಲ್ಲಿ ಆಟಗಾರರು ತಾವೇ ರೂಪಿಸಿದ ವಾಹನಗಳನ್ನು ಸೇರಿಸಲು ಅವಕಾಶವಿದೆ. ರಾಜ್ಯದ ಬಸ್ ಅಭಿಮಾನಿಗಳು ಅದನ್ನು ಬಳಸಿಕೊಂಡು ಕೆಂಪು ಬಸ್ಸನ್ನೂ ಐರಾವತವನ್ನೂ ಆಟದೊಳಕ್ಕೆ ತಂದಿದ್ದಾರೆ.

ಇಂಥ ಸೇರ್ಪಡೆಗೆ 'ಮಾಡ್' ಎಂದು ಹೆಸರು. 'ಮಾಡಿಫಿಕೇಷನ್' ಪದದ ಹ್ರಸ್ವರೂಪವಿದು. ಕನ್ನಡದ ಕಿವಿಗೆ 'ಮಾಡು' ಎಂದೇ ಕೇಳಿಸುತ್ತದೆ. ಅರ್ಥವೂ ಬಹಳ ದೂರವಿಲ್ಲ. ಆಟದ ಒಡೆತನ ಕಂಪನಿಯದು, ಅದರ ಮೇಲೆ ಹೊಸದನ್ನು ಕಟ್ಟುವ ದುಡಿಮೆ ಅಭಿಮಾನಿಯದು. ಬಹುತೇಕ ಸಂಬಳವಿಲ್ಲದ ದುಡಿಮೆ. ಸಿದ್ಧ ಬಸ್ಸಿಗೆ ಬಣ್ಣ ಬಳಿದು ಮಾರ್ಗಫಲಕ ಬರೆಯುವುದು ಒಂದು ಸಂಜೆಯ ಕೆಲಸ. ಬ್ಲೆಂಡರ್‌ನಂಥ ಉಚಿತ ತಂತ್ರಾಂಶದಲ್ಲಿ ಕಿಟಕಿ, ಸೀಟು, ಸ್ಟೇರಿಂಗ್ ಸಹಿತ ಬಸ್ಸನ್ನೇ ಕಟ್ಟಲು ವಾರಗಳು ಬೇಕು. ಊರನ್ನೇ ಕಟ್ಟಹೊರಟರೆ ವರ್ಷಗಳೂ ಸಾಲವು.

ಊರು ಕಟ್ಟುವ ಮಾಡ್‌ಗಳಿಗೆ ಹೆಸರಾದುದು ಜೆಕ್ ದೇಶದ ಎಸ್‌ಸಿಎಸ್ ಸಂಸ್ಥೆಯ 'ಯೂರೋ ಟ್ರಕ್ ಸಿಮ್ಯುಲೇಟರ್ 2' (2012). ಅದರ ಮುಖ್ಯ ನಕ್ಷೆಯ ಪ್ರಮಾಣ 1:19. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿ.ಮೀ. ಆ ಪ್ರಮಾಣದಲ್ಲಿ ಇಡೀ ದಾರಿ ಒಂದು ಕಿ.ಮೀ.ಗೆ ಇಳಿಯುತ್ತದೆ, ಕುಣಿಗಲ್ ರಸ್ತೆ ಎರಡು ಕಿ.ಮೀ.ಗೂ ಕಡಿಮೆ. ತೆಂಗಿನ ತೋಟಗಳಲ್ಲಿ ಯಾವುದನ್ನು ಉಳಿಸುವುದು, ಕುಣಿಗಲ್‌ನ ಕೆರೆಯೊಂದಿಗೆ ಕುದುರೆ ಫಾರಂ ಕೂಡ ಹಿಡಿಸೀತೇ ಎಂಬುದನ್ನೆಲ್ಲ ನಕ್ಷೆಗಾರನೇ ತೀರ್ಮಾನಿಸಬೇಕು. ತನ್ನೂರಿನವರು ಗುರುತಿಸದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಆದರೆ ಮಹತ್ವಾಕಾಂಕ್ಷೆಯ ಮಾಡ್‌ಗಳು ಎಡವಿದ್ದು ಕೌಶಲದ ಕೊರತೆಯಿಂದಷ್ಟೇ ಅಲ್ಲ; ಕಾಲಡಿಯ ನೆಲ ಪರರದಾಗಿದ್ದರಿಂದಲೂ ಹೌದು. 1995ರ ಜಪಾನಿ ಆಟ 'ಕ್ರೋನೊ ಟ್ರಿಗರ್'ಗೆ ಅಭಿಮಾನಿಗಳು ಹಲವು ವರ್ಷ ದುಡಿದು 'ಕ್ರಿಮ್ಸನ್ ಎಕೋಸ್' ಎಂಬ ಮುಂದುವರಿಕೆ ಕಟ್ಟಿದರು. ಅದು ಬಹುತೇಕ ಮುಗಿದಿದ್ದಾಗ, 2009ರ ಮೇ ತಿಂಗಳಲ್ಲಿ ಸ್ಕ್ವೇರ್ ಎನಿಕ್ಸ್ ಕಂಪನಿಯ ವಕೀಲರ ನೋಟಿಸ್ ಬಂತು. ಯೋಜನೆ ಅಲ್ಲಿಗೇ ನಿಂತಿತು.

ನೋಟಿಸ್ ಇಲ್ಲದೆಯೂ ಪೆಟ್ಟು ಬೀಳಬಹುದು. 'ಫಾಲೌಟ್ ಲಂಡನ್' ತಂಡ 2024ರ ಏಪ್ರಿಲ್ 23ಕ್ಕೆ ಬಿಡುಗಡೆ ನಿಗದಿ ಮಾಡಿತ್ತು. ಮೂಲ ಆಟ 'ಫಾಲೌಟ್ 4'ಕ್ಕೆ ಎರಡೇ ದಿನಗಳ ಬಳಿಕ ಕಂಪನಿಯ ದೊಡ್ಡ ಪರಿಷ್ಕರಣೆ ಬರಲಿದೆ ಎಂದು ತಿಳಿದು ಬಿಡುಗಡೆ ಮುಂದಕ್ಕೆ ಹೋಯಿತು. ಕಡೆಗೆ ಜುಲೈ 25ರಂದು ಹೊರಬಂದ ಮಾಡ್, ಆಟದ ಹಳೆಯ ಆವೃತ್ತಿಗೆ ಹಿಂತಿರುಗಿದವರಿಗಷ್ಟೇ ದಕ್ಕುವಂತಿತ್ತು.

ಕೈಗೂಡಿದ ಉದಾಹರಣೆಗಳೂ ಇವೆ. 'ಹಾಫ್-ಲೈಫ್' ಆಟವನ್ನು ಹೊಸದಾಗಿ ಕಟ್ಟಿದ 'ಬ್ಲ್ಯಾಕ್ ಮೆಸಾ' 2012ರ ಸೆಪ್ಟೆಂಬರ್‌ನಲ್ಲಿ ಅಪೂರ್ಣವಾಗಿಯೇ ಬಿಡುಗಡೆಯಾಗಿ, 2020ರ ಮಾರ್ಚ್‌ನಲ್ಲಿ ಪೂರ್ಣಗೊಂಡಿತು. ಮೂಲ ಕಂಪನಿ ವಾಲ್ವ್ ಅದನ್ನು ಮಾರಲು ಒಪ್ಪಿಗೆ ನೀಡಿದ್ದು ಅಪರೂಪದ ಔದಾರ್ಯ.

ನಮ್ಮ ಬಸ್ ಮಾಡ್‌ಗಳ ಕಷ್ಟ ಇನ್ನೂ ಒಂದು ಬಗೆಯದು. ಒಬ್ಬರು ರೂಪಿಸಿದ ಬಸ್ಸನ್ನು ಮತ್ತೊಬ್ಬರು ಹೆಸರು ಅಳಿಸಿ ತಮ್ಮದೆಂದು ಹಂಚುವುದುಂಟು. ಅದಕ್ಕೆ ಅಂಜಿ ಕೆಲವರು ಕಡತಗಳಿಗೆ ಪಾಸ್‌ವರ್ಡ್ ಹಾಕುತ್ತಾರೆ. ಇನ್ನು ಬಸ್ಸಿನ ಮೈಮೇಲಿನ ಹೆಸರು. 'ಕೆಎಸ್‌ಆರ್‌ಟಿಸಿ' ಎಂಬ ನಾಲ್ಕಾರು ಅಕ್ಷರಗಳಿಗಾಗಿ ಕರ್ನಾಟಕ, ಕೇರಳ ನಿಗಮಗಳೇ ವರ್ಷಗಟ್ಟಲೆ ಸೆಣಸಿದವು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಆಟದ ಕಂಪನಿ ಕೊಡುವ ಅನುಮತಿ ಅದರ ಆಟಕ್ಕಷ್ಟೇ ಸೀಮಿತ, ನಿಗಮದ ಹೆಸರು-ಲಾಂಛನಗಳಿಗಲ್ಲ. ಮಾಡ್‌ಗಳನ್ನು ಹಣಕ್ಕೆ ಮಾರಲು ಹೊರಡುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಉಚಿತವಾಗಿ ಹಂಚುವವರು ಕೂಡ ಮೂಲ ಕಡತದ ಒಂದು ಪ್ರತಿಯನ್ನು ಬೇರೆಡೆ ಇಟ್ಟು, ಆಟದ ಯಾವ ಆವೃತ್ತಿಗೆ ಅದು ಹೊಂದುತ್ತದೆಂದು ಬರೆದಿಟ್ಟುಕೊಂಡರೆ, ಮುಂದಿನ ಪರಿಷ್ಕರಣೆ ಬಂದಾಗ ಬಸ್ಸನ್ನು ಮೊದಲಿನಿಂದ ಕಟ್ಟುವ ಪಾಡು ತಪ್ಪೀತು.