ತಾತ ಹೇಳಿದ್ದೇ ಸರಿ: ಸಂತೆಯ ತೂಕದ ಗುಂಡು ಕೆಟಲ್‌ಬೆಲ್ ಆದ ಕತೆ

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನ ಮಲ್ಲತ್ತಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾನೆ. ದಿನವೆಲ್ಲ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಹೊಟ್ಟೆ ಬಂತು ಅಂತ ಆನ್‌ಲೈನ್‌ನಲ್ಲಿ 16 ಕೆ.ಜಿ. ತೂಕದ ಒಂದು ಕೆಟಲ್‌ಬೆಲ್ ತರಿಸಿದ. ಫೋನಿನಲ್ಲಿ ವಿಡಿಯೋ ನೋಡಿಕೊಂಡು ಬೀಸತೊಡಗಿದ. ನಾಲ್ಕನೇ ದಿನಕ್ಕೆ ಸೊಂಟ ಹಿಡಿದುಕೊಂಡಿತು.

ಅದೇ ವಾರ ನಾನು ತಾತನನ್ನು ಕಣ್ಣು ತೋರಿಸಲು ಊರಿಂದ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೂಲೆಯಲ್ಲಿದ್ದ ಕಪ್ಪು ಗುಂಡನ್ನು ತಾತ ಊರುಗೋಲಿನಿಂದ ತಟ್ಟಿ ನೋಡಿದರು.

"ಏನ್ಲಾ ಇದು?"

"ಕೆಟಲ್‌ಬೆಲ್ ತಾತ. ರಷ್ಯಾದವರ ಎಕ್ಸರ್‌ಸೈಜು."

"ಯಾವ ರಷ್ಯಾನೋ. ಸಂತೇಲಿ ತೂಕಕ್ಕಿಡೋ ಗುಂಡು ಕಣ್ಲಾ ಇದು. ಮೇಲೊಂದು ಹಿಡಿ ಮಡಗವ್ರೆ ಅಷ್ಟೇಯ."

ನಾವಿಬ್ಬರೂ ನಕ್ಕೆವು. ಆಮೇಲೆ ಇದರ ಹಿಂದಿನ ಕತೆ ಹುಡುಕಿ ಓದಿದಾಗ ಗೊತ್ತಾಯಿತು, ತಾತ ಹೇಳಿದ್ದೇ ಸರಿ.

ರಷ್ಯಾದಲ್ಲಿ ಇದಕ್ಕೆ 'ಗಿರ್ಯಾ' ಅನ್ನುತ್ತಾರೆ. ಮೊದಲು ಇದು ಸಂತೆಯಲ್ಲಿ ದವಸಧಾನ್ಯ ತೂಗಲು ಇಡುತ್ತಿದ್ದ ಕಬ್ಬಿಣದ ತೂಕ. ನಮ್ಮಲ್ಲಿ ಸೇರು, ಮಣ ಇದ್ದಂತೆ ಅಲ್ಲಿ 'ಪೂಡ್' ಎಂಬ ಅಳತೆ ಇತ್ತು. ಒಂದು ಪೂಡ್ ಅಂದರೆ 16.38 ಕೆ.ಜಿ. ಇವತ್ತಿಗೂ ಅಂಗಡಿಯಲ್ಲಿ 16, 24, 32 ಕೆ.ಜಿ. ಕೆಟಲ್‌ಬೆಲ್ ಸಿಗುವುದು ಅದಕ್ಕೇ: ಒಂದು ಪೂಡ್, ಒಂದೂವರೆ ಪೂಡ್, ಎರಡು ಪೂಡ್. ಸಂತೆ ಮುಗಿದ ಮೇಲೆ ಯಾರು ಎಷ್ಟು ಸಲ ಎತ್ತುತ್ತಾರೆ ಅಂತ ಪಂಥ ಕಟ್ಟುವುದು ಎಲ್ಲ ಊರಿನ ಹುಡುಗರ ಬುದ್ಧಿ. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕ್ರಾಯೆವ್‌ಸ್ಕಿ ಎಂಬ ವೈದ್ಯರು ಭಾರ ಎತ್ತುವವರ ಕೂಟ ಕಟ್ಟಿದರು. ತೂಕದ ಗುಂಡು ವ್ಯಾಯಾಮದ ಸಾಧನವಾಯಿತು. 1985ರಲ್ಲಿ ಸೋವಿಯತ್ ಒಕ್ಕೂಟ ಇದಕ್ಕೆ ಕ್ರೀಡೆಯ ನಿಯಮಗಳನ್ನೇ ಮಾಡಿತು. ಅಮೆರಿಕದಲ್ಲಿ ಇದು ಹೆಸರಾದದ್ದು 2000ದ ಆಸುಪಾಸಿನಲ್ಲಿ. ಅಲ್ಲಿಂದ ಫೋನಿನೊಳಗೆ, ಫೋನಿನಿಂದ ಮಲ್ಲತ್ತಹಳ್ಳಿಗೆ.

ಹಾಗಾದರೆ ನಮ್ಮಲ್ಲಿ ಏನಿತ್ತು?

ಗರಡಿಮನೆ ಇತ್ತು. ಮೈಸೂರಿನಲ್ಲಿ ಈಗಲೂ ಇವೆ, ದಸರಾ ಕುಸ್ತಿಗೆ ಪೈಲ್ವಾನರು ಅಲ್ಲಿಂದಲೇ ಹೊರಡುತ್ತಾರೆ. ಬೆಂಗಳೂರು ಪೇಟೆಯಲ್ಲಿ ಕರಗದ ವೀರಕುಮಾರರಿಗೂ ಗರಡಿಗೂ ನಂಟಿದೆ. ಗರಡಿಯೊಳಗೆ ಕೆಮ್ಮಣ್ಣಿನ ಅಖಾಡ, ಗೋಡೆಗೆ ಆಂಜನೇಯ, ಮೂಲೆಯಲ್ಲಿ ಗದೆ, ಕುತ್ತಿಗೆಗೆ ಹಾಕಿಕೊಳ್ಳುವ ಕಲ್ಲಿನ ಬಳೆ. ಉತ್ತರ ಕರ್ನಾಟಕದ ಕಡೆ ಜಾತ್ರೆಗಳಲ್ಲಿ ಇವತ್ತಿಗೂ ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಸ್ಪರ್ಧೆ ನಡೆಯುತ್ತವೆ.

ಇದು ನಿನ್ನೆ ಮೊನ್ನೆಯದಲ್ಲ. ಈಗಿನ ಬಸವಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ, ಸುಮಾರು 1130ರ ಹೊತ್ತಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಮಲ್ಲರಿಗೆಂದೇ ಒಂದು ಭಾಗವಿದೆ. ಭಾರ ಎತ್ತುವುದಕ್ಕೆ ಭಾರಶ್ರಮ, ನಡಿಗೆಗೆ ಭ್ರಮಣಶ್ರಮ, ಈಜಿಗೆ ಸಲಿಲಶ್ರಮ, ಕಂಬದ ಸಾಮಿಗೆ ಸ್ತಂಭಶ್ರಮ ಅಂತ ಬೇರೆ ಬೇರೆ ಹೆಸರು. ಭಾರ ಎತ್ತುವುದು ಹಲವು ಸಾಮುಗಳಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ.

ನಮ್ಮ ಸಾಧನಗಳೂ ಸಮುದ್ರ ದಾಟಿವೆ. ಗರಡಿಯಲ್ಲಿ ಬೀಸುವ ಮರದ ದಂಡಗಳನ್ನು ಬ್ರಿಟಿಷ್ ಸೈನಿಕರು ಇಲ್ಲಿ ನೋಡಿ ಕಲಿತರು. 'ಇಂಡಿಯನ್ ಕ್ಲಬ್' ಎಂಬ ಹೆಸರಿನಲ್ಲಿ ಅವು ಯುರೋಪ್, ಅಮೆರಿಕ ಸುತ್ತಿದವು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಅದರದೇ ಸ್ಪರ್ಧೆಯೂ ಇತ್ತು. ಹೋಗುವುದು ಬರುವುದು ಎರಡೂ ನಡೆದಿದೆ. ಹಾಗಾಗಿ ಕೆಟಲ್‌ಬೆಲ್ ಹೊರಗಿನದು ಅಂತ ಮೂಗು ಮುರಿಯುವುದೂ ಬೇಡ, ಹೊರಗಿನದು ಅಂತಲೇ ತಲೆ ಮೇಲೆ ಹೊರುವುದೂ ಬೇಡ.

ಎರಡನ್ನೂ ಬೆಸೆದವರು ಬೆಂಗಳೂರಿನಲ್ಲೇ ಇದ್ದರು. ಅವರು ಕೆ.ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಓದಿದವರಿಗೆ ಹೆಸರು ಗೊತ್ತಿರುತ್ತದೆ. ಅದೇ ಅಯ್ಯರ್ ದೇಶಕ್ಕೆಲ್ಲ ಹೆಸರಾಗಿದ್ದ ಅಂಗಸಾಧಕರು. ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ಇತ್ತು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು, 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆ ಇನ್ನೊಂದು. ಪಶ್ಚಿಮದ ಕಬ್ಬಿಣದ ತೂಕ, ನಮ್ಮ ಸೂರ್ಯನಮಸ್ಕಾರ ಎರಡನ್ನೂ ಅವರು ಕಲಿಸುತ್ತಿದ್ದರು. ದೂರದ ಊರಿನವರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ಇವತ್ತಿನ ಆನ್‌ಲೈನ್ ಟ್ರೈನಿಂಗ್ ಇದ್ದಂತೆ, ಸುಮಾರು 90 ವರ್ಷ ಮೊದಲೇ!

ಆ ರಾತ್ರಿ ಊಟ ಆದಮೇಲೆ ತಾತ ತಮ್ಮ ಗರಡಿಯ ಕತೆ ಹೇಳಿದರು. ಹುಡುಗರಾಗಿದ್ದಾಗ ಸೇರಿದ್ದರಂತೆ. ಮೊದಲ ದಿನವೇ ಗದೆ ಮುಟ್ಟಲು ಹೋದಾಗ ಉಸ್ತಾದರು ಗುದ್ದಲಿ ಕೊಟ್ಟು "ಮಣ್ಣು ಅಗಿ" ಅಂದರಂತೆ. ತಿಂಗಳುಗಟ್ಟಲೆ ಅಖಾಡದ ಮಣ್ಣು ಅಗೆಯುವುದು, ದಂಡ ಹೊಡೆಯುವುದು, ಬಸ್ಕಿ ಹೊಡೆಯುವುದು. ಬೆನ್ನು, ತೊಡೆ ಗಟ್ಟಿಯಾದ ಮೇಲೆ ಸಣ್ಣ ಗದೆ. ದೊಡ್ಡ ಗದೆ ಕೈಗೆ ಬರುವ ಹೊತ್ತಿಗೆ ಎರಡು ವರ್ಷ.

"ನೀನು ಮೊದಲ್ನೇ ದಿನಾನೇ ದೊಡ್ಡ ಗದೆ ಎತ್ತಿದ್ದೀಯ. ಸೊಂಟ ಏನ್ಮಾಡ್ತದೆ ಪಾಪ" ಅಂದರು.

ನಾವು ಕಳೆದುಕೊಂಡಿರುವುದು ಇದನ್ನೇ ಅನಿಸಿತು. ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಅದರ ಜೊತೆ ಬರಬೇಕಾದ ಕ್ರಮ ಬರುವುದಿಲ್ಲ, ತಪ್ಪು ಮಾಡಿದಾಗ ತಡೆಯುವ ಉಸ್ತಾದರೂ ಬರುವುದಿಲ್ಲ.

ಕೆಟಲ್‌ಬೆಲ್ ಬೀಸುವಾಗ ಕೈ ಬರೀ ಹಗ್ಗ ಇದ್ದ ಹಾಗೆ. ಬಲ ಬರಬೇಕಾದದ್ದು ತೊಡೆ ಮತ್ತು ಪೃಷ್ಠದಿಂದ. ಬೆನ್ನು ನೆಟ್ಟಗಿಟ್ಟು, ಸೊಂಟದ ಕೀಲಿನಲ್ಲಿ ಮಾತ್ರ ಬಾಗಿ, ಸೊಂಟ ಮುಂದಕ್ಕೆ ತಳ್ಳಿದಾಗ ಗುಂಡು ತಾನೇ ಮೇಲೆ ಹೋಗುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿದರೆ ಆ ಭಾರವೆಲ್ಲ ನಡುವಿನ ಮೇಲೆ ಬೀಳುತ್ತದೆ. ರಾಗಿ ಮೂಟೆ ಎತ್ತುವವರಿಗೂ ಇದೇ ಮಾತು ಅನ್ವಯ. ಮೊದಲು ಬರಿಗೈಯಲ್ಲಿ ಬಾಗುವುದು, ಏಳುವುದು ಕಲಿಯಿರಿ. ಆಮೇಲೆ 8 ಅಥವಾ 12 ಕೆ.ಜಿ. ವಾರಕ್ಕೆ ಎರಡು ಮೂರು ದಿನ ಸಾಕು. ನೋವಿದ್ದರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಗೊತ್ತಿರುವವರು ಹತ್ತಿರದಲ್ಲಿದ್ದರೆ ಒಂದು ಸಲ ಅವರ ಮುಂದೆ ಮಾಡಿ ತೋರಿಸಿ.

ನಮ್ಮ ಹುಡುಗನ ಸೊಂಟ ಮೂರು ವಾರಕ್ಕೆ ಸರಿಹೋಯಿತು. ಈಗ ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆ ಕಡೆ ನಡೆದು ಬಂದು, 50 ಬಸ್ಕಿ ಹೊಡೆದು, 8 ಕೆ.ಜಿ. ಗುಂಡು ಹಿಡಿಯುತ್ತಾನೆ. ಭಾನುವಾರ ತಾತನಿಗೆ ವಿಡಿಯೋ ಕಾಲ್ ಮಾಡಿ ತೋರಿಸುತ್ತಾನೆ. ತಾತ "ಬೆನ್ನು, ಬೆನ್ನು" ಅಂತ ಇಲ್ಲಿಂದಲೇ ಕೂಗುತ್ತಾರೆ.

16 ಕೆ.ಜಿ.ಯದು ಸದ್ಯಕ್ಕೆ ಬಾಗಿಲು ಬಡಿಯದಂತೆ ಒತ್ತಿಗೆ ಇಟ್ಟಿದ್ದಾನೆ.