‘ಏಲೋಹೀಮ್’ ಮತ್ತು ‘ದೇವರು’: ಇಬ್ರಿಯ ಶಾಸ್ತ್ರದಲ್ಲಿ ತ್ರಯೈಕ್ಯದ ವಿಚಾರ

ಪಿತೃ, ಪುತ್ರ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿತಃ ಭಿನ್ನರಾಗಿಯೂ ತತ್ತ್ವತಃ ಒಬ್ಬನೇ ದೇವರಾಗಿಯೂ ಇರುವರೆಂಬುದು ಕ್ರೈಸ್ತ ಮತದ ಮೂಲಸಿದ್ಧಾಂತಗಳಲ್ಲೊಂದು. ಇದಕ್ಕೆ ಕನ್ನಡ ಕ್ರೈಸ್ತರು ತ್ರಯೈಕ್ಯವೆಂದೂ ತ್ರಿಯೇಕತ್ವವೆಂದೂ ಹೆಸರಿಟ್ಟಿರುವರು. ಈ ಸಿದ್ಧಾಂತವು ಯೇಸುವಿಗಿಂತ ಎಷ್ಟೋ ಶತಮಾನಗಳ ಹಿಂದೆ ಹುಟ್ಟಿದ ಇಬ್ರಿಯ ಶಾಸ್ತ್ರದಲ್ಲಿಯೇ, ಎಂದರೆ ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಭಾಗದಲ್ಲಿಯೇ, ಉಕ್ತವಾಗಿದೆಯೇ ಎಂಬುದು ಬಹುಕಾಲದ ವಿವಾದ. ಯೆಹೂದ್ಯರಿಗೆ ಅದು ಅವರ ಸ್ವಂತ ಶ್ರುತಿ. ಕ್ರೈಸ್ತರಿಗೆ ಹೊಸ ಒಡಂಬಡಿಕೆಯ ಪೂರ್ವಭಾಗ. ಒಂದೇ ಗ್ರಂಥವನ್ನು ಇಬ್ಬರು ಪ್ರಮಾಣವಾಗಿ ಹಿಡಿದಿರುವಾಗ, ಅದರ ಮಾತಿಗೆ ಇಲ್ಲದ ಅರ್ಥವನ್ನು ಹೊರಿಸಿದರೆ ಒಬ್ಬರಿಗೆ ಅನ್ಯಾಯ. ಇರುವ ಅರ್ಥವನ್ನು ಮರೆಸಿದರೆ ಇನ್ನೊಬ್ಬರಿಗೆ ಅನ್ಯಾಯ. ಈ ವಿವಾದದಲ್ಲಿ ಮುಖ್ಯವಾಗಿ ಎತ್ತಲ್ಪಡುವ ಒಂದು ವ್ಯಾಕರಣಪ್ರಶ್ನೆಗೆ ಕನ್ನಡ ಭಾಷೆಯೇ ಒಂದು ಸ್ಪಷ್ಟವಾದ ದೃಷ್ಟಾಂತವನ್ನು ಒದಗಿಸುವುದರಿಂದ, ಕನ್ನಡ ವಿದ್ವಾಂಸರಿಗೆ ಈ ವಿಚಾರವು ಪರಕೀಯವಾದುದಲ್ಲ.

ಇಬ್ರಿಯ ಶಾಸ್ತ್ರವು ಕನ್ನಡಕ್ಕೆ ಬಂದ ಬಗೆಯನ್ನು ಮೊದಲು ನೋಡಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲಸಿ ಕನ್ನಡವನ್ನು ಕಲಿತು ಭಾಷಾಂತರಕ್ಕೆ ಕೈಹಾಕಿದರು. ಮುಂದೆ ಕನ್ನಡ ನಿಘಂಟುಕಾರರೆಂದು ಹೆಸರಾದ ವಿಲಿಯಂ ರೀವ್ ಅವರಿಗೆ ನೆರವಾದರು. 1831ರ ಸುಮಾರಿಗೆ ಎರಡು ಒಡಂಬಡಿಕೆಗಳೂ ಕನ್ನಡದಲ್ಲಿ ಅಚ್ಚಾದುವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಆ ಭಾಷಾಂತರವನ್ನು ತಿದ್ದಬೇಕೆಂದು ಕಂಡುಕೊಂಡರು. 1855ರಲ್ಲಿ ತೀರಿಕೊಂಡ ವೈಗಲ್ ಆ ಪರಿಷ್ಕರಣದಲ್ಲಿ ಮುಖ್ಯರು. ಅನಂತರವೂ ಪರಿಷ್ಕರಣಗಳು ನಡೆದು, ‘ಸತ್ಯವೇದವು’ ಎಂಬ ಹೆಸರಿನಿಂದ ಆ ಗ್ರಂಥವು ಕನ್ನಡನಾಡಿನಲ್ಲಿ ಪ್ರಚಾರಕ್ಕೆ ಬಂದಿತು.

ಈ ಭಾಷಾಂತರಕಾರರು ಮೊದಲನೆಯ ವಾಕ್ಯದಲ್ಲಿಯೇ ಎದುರಿಸಬೇಕಾಗಿದ್ದ ಪದ ‘ಏಲೋಹೀಮ್’. ಇಬ್ರಿಯದಲ್ಲಿ ‘ಈಮ್’ ಎಂಬುದು ಪುಂಲಿಂಗ ಬಹುವಚನದ ಪ್ರತ್ಯಯ. ಆದರೆ ಆದಿಕಾಂಡದ ಆರಂಭದಲ್ಲಿ ಈ ಪದಕ್ಕೆ ಹೊಂದುವ ‘ಬಾರಾ’ ಎಂಬ ಸೃಷ್ಟ್ಯರ್ಥಕ ಕ್ರಿಯಾಪದವು ಏಕವಚನ. ನಾಮಪದ ಬಹುವಚನ, ಕ್ರಿಯೆ ಏಕವಚನ. ಆದುದರಿಂದ ಒಂದೇ ದೇವತ್ವದಲ್ಲಿ ಬಹುವ್ಯಕ್ತಿಗಳು ಇಲ್ಲಿ ಸೂಚಿತರು ಎಂಬುದು ಪೂರ್ವಪಕ್ಷ. ಹನ್ನೆರಡನೆಯ ಶತಮಾನದ ಪೀಟರ್ ಲೊಂಬಾರ್ಡನು ತನ್ನ ಗ್ರಂಥದಲ್ಲಿ ಈ ಯುಕ್ತಿಗೆ ಸ್ಥಾನ ಕೊಟ್ಟನು. ಆ ಗ್ರಂಥವು ಯೂರೋಪಿನ ವಿದ್ಯಾಶಾಲೆಗಳಲ್ಲಿ ಪಾಠ್ಯವಾಗಿದ್ದುದರಿಂದ ಯುಕ್ತಿಯೂ ಬಹುಕಾಲ ಉಳಿಯಿತು. ಇದರೊಡನೆ ಇನ್ನೂ ಮೂರು ಪ್ರಮಾಣಗಳು ಎತ್ತಲ್ಪಡುವುವು. ಮನುಷ್ಯಸೃಷ್ಟಿಯ ಸಂದರ್ಭದಲ್ಲಿ ದೇವರು ತನ್ನನ್ನು ‘ನಾವು’ ಎಂಬರ್ಥದಲ್ಲಿ ಹೇಳಿಕೊಳ್ಳುವುದು ಒಂದು. ಮಮ್ರೆಯ ತೋಪಿನಲ್ಲಿ ಅಬ್ರಹಾಮನಿಗೆ ದೇವರು ದರ್ಶನವಿತ್ತಾಗ ಮೂವರು ಪುರುಷರು ಕಾಣಿಸಿಕೊಂಡುದು ಎರಡು. ಯೆಶಾಯನ ದರ್ಶನದಲ್ಲಿ ದೇವದೂತರು ‘ಪರಿಶುದ್ಧ’ ಎಂಬರ್ಥದ ಪದವನ್ನು ಮೂರು ಬಾರಿ ಉಚ್ಚರಿಸುವುದು ಮೂರು.

ಮೊದಲನೆಯ ಯುಕ್ತಿಯನ್ನು ಕನ್ನಡದ ಎದುರಿಗೆ ನಿಲ್ಲಿಸಿ ನೋಡುವುದು ಉಚಿತ. ‘ದೇವರು’ ಎಂಬ ನಮ್ಮ ಪದವೂ ರೂಪದಲ್ಲಿ ಬಹುವಚನವೇ. ಹಳೆಯ ಸತ್ಯವೇದದಲ್ಲಿ ಸೃಷ್ಟಿವಾಕ್ಯವು ‘ದೇವರು’ ಎಂಬ ಕರ್ತೃಪದವನ್ನಿಟ್ಟು ‘-ದನು’ ಎಂದು ಮುಗಿಯುವ ಏಕವಚನಕ್ರಿಯೆಯನ್ನು ಪ್ರಯೋಗಿಸುತ್ತದೆ. ಇಬ್ರಿಯ ಮೂಲದ ವಿಚಿತ್ರಾನ್ವಯವು ಅಕ್ಷರಶಃ ಕನ್ನಡದಲ್ಲಿಯೂ ಇಳಿದುಬಂದಿದೆ. ಈಚಿನ ಕನ್ನಡ ಭಾಷಾಂತರದಲ್ಲಿ ಇದೇ ಸ್ಥಳದಲ್ಲಿ ‘-ದರು’ ಎಂಬ ಗೌರವ ಬಹುವಚನದ ಕ್ರಿಯೆ ಇರುವುದು. ಎರಡನ್ನೂ ಓದಿದ ಕನ್ನಡಿಗನು ಮೊದಲನೆಯದರಲ್ಲಿ ಒಬ್ಬನನ್ನೂ ಎರಡನೆಯದರಲ್ಲಿ ಹಲವರನ್ನೂ ಭಾವಿಸುವನೇ? ಇಲ್ಲ. ಹಳ್ಳಿಯ ಮಾತಿನಲ್ಲಿ ‘ದೇವರು ಕೊಟ್ಟ’, ‘ದೇವರು ಕೊಟ್ಟರು’, ‘ದೇವರು ಬಂತು’ ಎಂದು ಪುಂಲಿಂಗ ಏಕವಚನ, ಬಹುವಚನ, ನಪುಂಸಕ ಏಕವಚನ ಮೂರೂ ಒಂದೇ ಕರ್ತೃಪದಕ್ಕೆ ಹೊಂದುತ್ತವೆ. ನಾಯಂಡಹಳ್ಳಿ ಕೆಂಗೇರಿಗಳ ಕಡೆಯಾಗಲಿ ಹಳೆಯ ಮೈಸೂರು ಸೀಮೆಯ ಬೇರೆಡೆಯಾಗಲಿ ಗ್ರಾಮದೇವತೆಯನ್ನು ‘ಅಮ್ಮನವರು’ ಎಂದು ಕರೆದವನು ಹಲವು ಅಮ್ಮಂದಿರನ್ನು ಹೇಳಿದನೆಂದು ಯಾರೂ ತಿಳಿಯರು. ಪ್ರತ್ಯಯದಿಂದ ಸಂಖ್ಯೆಯನ್ನು ಎಣಿಸುವುದು ಎಲ್ಲ ಕಡೆಯಲ್ಲಿಯೂ ಸಲ್ಲದು.

ಕನ್ನಡದಲ್ಲಿ ಹೀಗಿದೆಯೆಂದ ಮಾತ್ರಕ್ಕೆ ಇಬ್ರಿಯದಲ್ಲಿಯೂ ಹಾಗೆಯೇ ಎಂದು ನಿರ್ಣಯಿಸಲಾಗದು. ದೃಷ್ಟಾಂತವು ಸಂಭವವನ್ನು ತೋರಿಸುವುದೇ ಹೊರತು ಸಾಧ್ಯವನ್ನು ಸಾಧಿಸದು. ಆದುದರಿಂದ ಇಬ್ರಿಯ ಪ್ರಯೋಗಗಳನ್ನೇ ನೋಡಬೇಕು. ವಿಮೋಚನಕಾಂಡದ ಏಳನೆಯ ಅಧ್ಯಾಯದಲ್ಲಿ ಮೋಶೆಯು ಫರೋಹನಿಗೆ ‘ಏಲೋಹೀಮ್’ ಆಗಿ ನಿಯಮಿತನಾಗುವನು, ಮೋಶೆ ಒಬ್ಬನೇ. ಸಮುವೇಲನ ಮೊದಲನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಫಿಲಿಷ್ಟಿಯರು ತಮ್ಮ ದಾಗೋನನಿಗೆ ಇದೇ ಪದವನ್ನು ಬಳಸುವರು. ಅರಸುಗಳ ಮೊದಲನೆಯ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಸೀದೋನ್ಯರ ಅಷ್ಟೋರೆತ್ ಎಂಬ ಸ್ತ್ರೀದೇವತೆಗೂ ಇದೇ ಪದ. ಬಹುವಚನರೂಪವು ವ್ಯಕ್ತಿಬಹುತ್ವವನ್ನು ಬೋಧಿಸುವುದಾದರೆ ದಾಗೋನನಲ್ಲಿಯೂ ತ್ರಯೈಕ್ಯವನ್ನು ಒಪ್ಪಬೇಕಾಗುವುದು; ಅತಿಪ್ರಸಂಗದೋಷವು ತಪ್ಪದು. ಒಡೆಯನೆಂಬ ಅರ್ಥದ ‘ಆದೋನ್’ ಪದವೂ ಯೆಶಾಯನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬಹುವಚನರೂಪದಲ್ಲಿದ್ದು ಏಕವಚನದ ವಿಶೇಷಣವನ್ನು ಪಡೆದಿದೆ. ಕೆಲವೆಡೆಗಳಲ್ಲಿ, ಉದಾಹರಣೆಗೆ ಆದಿಕಾಂಡದ ಇಪ್ಪತ್ತನೆಯ ಮತ್ತು ಮೂವತ್ತೈದನೆಯ ಅಧ್ಯಾಯಗಳಲ್ಲಿ, ‘ಏಲೋಹೀಮ್’ ಪದಕ್ಕೆ ಬಹುವಚನಕ್ರಿಯೆಯೂ ಬಂದಿರುವುದು ನಿಜ. ಆದರೆ ಅವು ವಿರಳ, ಮತ್ತು ಅವುಗಳಲ್ಲಿಯೂ ಮೂರೆಂಬ ಸಂಖ್ಯೆಗೆ ಆಧಾರವಿಲ್ಲ. ಈ ಯುಕ್ತಿಯನ್ನು ತಳ್ಳಿದವರು ಯೆಹೂದ್ಯರು ಮಾತ್ರವಲ್ಲ. ತ್ರಯೈಕ್ಯದಲ್ಲಿ ದೃಢವಿಶ್ವಾಸವುಳ್ಳ ಜಾನ್ ಕಾಲ್ವಿನನೇ 1554ರಲ್ಲಿ ಪ್ರಕಟವಾದ ತನ್ನ ಆದಿಕಾಂಡದ ವ್ಯಾಖ್ಯಾನದಲ್ಲಿ, ಇಷ್ಟು ದೊಡ್ಡ ವಿಷಯಕ್ಕೆ ಇದು ದುರ್ಬಲ ಪ್ರಮಾಣವೆಂದು ಬಿಟ್ಟುಕೊಟ್ಟನು.

‘ನಾವು’ ಎಂಬ ಉತ್ತಮಪುರುಷದ ವಿಷಯದಲ್ಲಿ ಸಂಸ್ಕೃತಜ್ಞರು ಎಚ್ಚರದಿಂದಿರಬೇಕು. ಪಾಣಿನಿಯು 1.2.59ರಲ್ಲಿ ಒಬ್ಬನೇ ವಕ್ತೃವಿಗೂ ‘ವಯಮ್’ ಎಂಬ ಬಹುವಚನವನ್ನು ವಿಕಲ್ಪದಿಂದ ಅನುಮತಿಸಿರುವುದರಿಂದ, ಇಬ್ರಿಯದಲ್ಲಿಯೂ ಅದೇ ನ್ಯಾಯವೆಂದು ಹೇಳಲು ಮನಸ್ಸಾಗುವುದು ಸಹಜ. ಆದರೆ ಸರ್ವನಾಮದಲ್ಲಿ ಅಂತಹ ಗೌರವ ಬಹುವಚನವು ಇಬ್ರಿಯದಲ್ಲಿ ರೂಢವಾಗಿತ್ತೆಂಬುದಕ್ಕೆ ಸಾಕಷ್ಟು ಪ್ರಯೋಗಬಲವಿಲ್ಲ. ಇಲ್ಲಿ ಹೆಚ್ಚು ಒಪ್ಪುವ ಅರ್ಥ ಬೇರೆ. ಯೋಬನ ಗ್ರಂಥದ ಆರಂಭದಲ್ಲಿಯೂ ಅರಸುಗಳ ಮೊದಲನೆಯ ಗ್ರಂಥದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿಯೂ ದೇವರು ದೂತಗಣದ ನಡುವೆ ಸಭೆ ನಡೆಸುವನು. ಆ ಸಭೆಯನ್ನು ಉದ್ದೇಶಿಸಿದ ಮಾತಿದು. ಹನ್ನೊಂದನೆಯ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರ ರಾಶಿಯೂ, ದೇವರು ವಿನಯವನ್ನು ಕಲಿಸುವುದಕ್ಕಾಗಿ ದೂತರೊಡನೆ ಆಲೋಚಿಸಿದನೆಂದೂ, ಸೃಷ್ಟಿಸಿದವನು ಒಬ್ಬನೇ ಎಂಬುದು ಮುಂದಿನ ವಾಕ್ಯದ ಏಕವಚನಕ್ರಿಯೆಯಿಂದ ಸಿದ್ಧವೆಂದೂ ಹೇಳಿದನು. ಬಹುತ್ವಶಂಕೆಗೆ ಎಡೆಯಾದ ಸ್ಥಳದ ಪಕ್ಕದಲ್ಲಿಯೇ ಅದರ ಪರಿಹಾರವೂ ಇರುವುದೆಂಬ ಈ ನ್ಯಾಯವು ತಾಲ್ಮೂದಿನಲ್ಲಿಯೇ ಕಂಡುಬರುವುದು.

ಮಮ್ರೆಯ ಮೂವರ ಕಥೆಯಲ್ಲಿ ಉಪಕ್ರಮವನ್ನು ಹಿಡಿದು ಉಪಸಂಹಾರವನ್ನು ಬಿಡುವುದು ತಪ್ಪು. ಹದಿನೆಂಟನೆಯ ಅಧ್ಯಾಯದ ಕೊನೆಯಲ್ಲಿ ಅಬ್ರಹಾಮನು ಯೆಹೋವನ ಸನ್ನಿಧಿಯಲ್ಲಿ ನಿಂತಿರುವನು. ಹತ್ತೊಂಬತ್ತನೆಯದರ ಆರಂಭದಲ್ಲಿ ಸೊದೋಮಿಗೆ ಇಬ್ಬರು ದೂತರು ಬರುವರು. ಮೂವರಲ್ಲಿ ಇಬ್ಬರು ದೂತರೆಂದು ಕಥೆಯೇ ತಿಳಿಸುವಾಗ ಮೂವರೂ ಸಮಾನ ದೇವವ್ಯಕ್ತಿಗಳೆಂಬುದು ಮೂಲಕ್ಕೆ ಒಗ್ಗದು. ‘ಪರಿಶುದ್ಧ’ ಎಂಬುದರ ತ್ರಿರುಕ್ತಿಯು ಅತಿಶಯಾರ್ಥಕವಾಗಬಹುದು; ಯೆರೆಮೀಯನ ಏಳನೆಯ ಅಧ್ಯಾಯದಲ್ಲಿ ದೇವಾಲಯವೆಂಬರ್ಥದ ಪದವೂ ಮೂರು ಬಾರಿ ಬಂದಿದೆ, ಅಲ್ಲಿ ಮೂರು ಆಲಯಗಳಿಲ್ಲ.

ವಿವಾದದ ಮತ್ತೊಂದು ಪದ ‘ಎಹಾದ್’. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ದೇವರ ಏಕತ್ವವನ್ನು ಸಾರುವ ಮಹಾವಾಕ್ಯದಲ್ಲಿ ಈ ಪದವಿದೆ. ದಂಪತಿಗಳು ಒಂದು ಶರೀರವಾಗುವರೆಂಬಲ್ಲಿಯೂ ಇದೇ ಪದವಿರುವುದರಿಂದ ಇದು ಸಂಘಾತರೂಪವಾದ ಏಕತ್ವವನ್ನು ಹೇಳುವುದೆಂದು ಕೆಲವರ ವಾದ. ಆದರೆ ಪ್ರಸಂಗಿಯ ನಾಲ್ಕನೆಯ ಅಧ್ಯಾಯದಲ್ಲಿ ಮಗನೂ ಸಹೋದರನೂ ಇಲ್ಲದ ಒಂಟಿ ಮನುಷ್ಯನಿಗೂ, ಯೆಹೆಜ್ಕೇಲನ ಮೂವತ್ತಮೂರನೆಯದರಲ್ಲಿ ಅಬ್ರಹಾಮನೊಬ್ಬನಿಗೂ ಇದೇ ಪದ. ಕನ್ನಡದ ‘ಒಂದು’ ಎಂಬುದು ಒಂದು ಕಲ್ಲಿಗೂ ಒಂದು ಮನೆತನಕ್ಕೂ ಸಲ್ಲುವಂತೆ, ‘ಎಹಾದ್’ ಕೇವಲ ಸಂಖ್ಯಾವಾಚಕ. ಏಕತ್ವದ ಸ್ವರೂಪವನ್ನು ಅದು ನಿರ್ಣಯಿಸದು. ಈ ಪದದಿಂದ ತ್ರಯೈಕ್ಯವು ಸಿದ್ಧಿಸುವುದಿಲ್ಲ. ಈ ಪದದಿಂದಲೇ ತ್ರಯೈಕ್ಯವು ಖಂಡಿತವಾಯಿತೆಂಬುದೂ ಸಲ್ಲದು.

ಇಷ್ಟರಿಂದ ವಿಚಾರವು ಮುಗಿಯಲಿಲ್ಲ. ದುರ್ಬಲ ಪ್ರಮಾಣಗಳು ಬಿದ್ದಮೇಲೆಯೇ ಪ್ರಬಲವಾದವು ಕಾಣುವುವು. ಮೂವತ್ತಮೂರನೆಯ ಕೀರ್ತನೆಯಲ್ಲಿ ಸೃಷ್ಟಿಯು ದೇವರ ವಾಕ್ಯದಿಂದಲೂ ಶ್ವಾಸದಿಂದಲೂ ಆಯಿತೆಂದಿದೆ. ಶ್ವಾಸಕ್ಕೂ ಆತ್ಮಕ್ಕೂ ಇಬ್ರಿಯದಲ್ಲಿ ‘ರೂಅಹ್’ ಎಂಬ ಒಂದೇ ಪದ. ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ಜ್ಞಾನವು ಸೃಷ್ಟಿಕಾಲದಲ್ಲಿ ದೇವರ ಬಳಿಯಿದ್ದ ವ್ಯಕ್ತಿಯಂತೆ ತಾನೇ ಮಾತನಾಡುವುದು. ಆದಿಕಾಂಡದ ಹದಿನಾರನೆಯದರಲ್ಲಿ ಹಾಗರಳಿಗೆ ಕಾಣಿಸಿದ ಯೆಹೋವನ ದೂತನು ಒಮ್ಮೆ ದೇವರಿಂದ ಬೇರೆಯಾಗಿಯೂ ಒಮ್ಮೆ ದೇವರೇ ಆಗಿಯೂ ತೋರುವನು. ದಾನಿಯೇಲನ ಏಳನೆಯದರಲ್ಲಿ ವೃದ್ಧನ ಸನ್ನಿಧಿಗೆ ಮನುಷ್ಯಸದೃಶನೊಬ್ಬನು ಮೇಘಗಳೊಡನೆ ಬಂದು ಶಾಶ್ವತವಾದ ಆಳ್ವಿಕೆಯನ್ನು ಪಡೆಯುವನು. ಅಲೆಕ್ಸಾಂಡ್ರಿಯದ ಯೆಹೂದ್ಯ ತಾತ್ತ್ವಿಕ ಫೈಲೋ ದೇವರ ‘ಲೋಗೊಸ್’ ತತ್ತ್ವವನ್ನು ವಿಸ್ತರಿಸಿದ್ದುದೂ, ಅರಮಾಯ ಭಾಷಾಂತರಗಳಲ್ಲಿ ‘ಮೇಮ್ರಾ’ ಎಂಬ ವಾಗ್ವಾಚಕವು ದೇವರ ಹೆಸರಿನ ಸ್ಥಳದಲ್ಲಿ ಬರುವುದೂ ಇದೇ ಹಿನ್ನೆಲೆಯಲ್ಲಿ. ಸ್ವರ್ಗದಲ್ಲಿ ಎರಡು ಶಕ್ತಿಗಳೆಂಬ ಪಕ್ಷವನ್ನು ಯೆಹೂದ್ಯ ಆಚಾರ್ಯರು ಖಂಡಿಸಿದ ಪ್ರಕರಣಗಳನ್ನು ಅಲನ್ ಸೀಗಲ್ 1977ರಲ್ಲಿ ಒಂದು ಗ್ರಂಥವಾಗಿ ಪರಿಶೀಲಿಸಿದ ಮೇಲೆ, ಏಕದೇವವಾದದೊಳಗೆ ಇಂತಹ ಭಾವನೆಗಳಿಗೆ ಒಮ್ಮೆ ಅವಕಾಶವಿದ್ದುದು ವಿದ್ವಾಂಸರಿಗೆ ಸ್ಪಷ್ಟವಾಗಿದೆ. ಆದರೂ ಅಲ್ಲಿ ಎಣಿಕೆ ಎರಡು, ಮೂರಲ್ಲ. ಸಮಾನತತ್ತ್ವದ ಮಾತೂ ಇಲ್ಲ.

ಸಿದ್ಧಾಂತದ ಪರಿಭಾಷೆಯು ಯಾವಾಗ ಮೂಡಿತೆಂಬುದೂ ಗಮನಾರ್ಹ. ಎರಡನೆಯ ಶತಮಾನದ ಜಸ್ಟಿನನು ತ್ರಿಫೋ ಎಂಬ ಯೆಹೂದ್ಯನೊಡನೆ ಮಾಡಿದ ಸಂವಾದದಲ್ಲಿ ಮಮ್ರೆಯ ಕಥೆಯನ್ನೆತ್ತಿದರೂ ಸಾಧಿಸಹೊರಟುದು ಎರಡನೆಯ ದೇವವ್ಯಕ್ತಿಯನ್ನು ಮಾತ್ರ. ಸುಮಾರು 180ರಲ್ಲಿ ಥಿಯೋಫಿಲಸನು ದೇವರು, ವಾಕ್ಯ, ಜ್ಞಾನ ಎಂಬ ತ್ರಯವನ್ನು ಗ್ರೀಕಿನಲ್ಲಿ ಹೆಸರಿಸಿದನು. ಲ್ಯಾಟಿನ್ ಪದವನ್ನು ರೂಢಿಗೆ ತಂದವನು ಟೆರ್ಟಲಿಯನ್. 325ರ ನೈಸೀಯ ಸಭೆಯೂ 381ರ ಕಾನ್ಸ್ಟಾಂಟಿನೋಪಲ್ ಸಭೆಯೂ ಸಿದ್ಧಾಂತಕ್ಕೆ ನಿಷ್ಕೃಷ್ಟರೂಪವನ್ನು ಕೊಟ್ಟುವು. ಮೂಲದಲ್ಲಿ ವಾಚ್ಯವಾಗಿದ್ದ ಮಾತಿಗೆ ಇಷ್ಟು ದೀರ್ಘವಾದ ನಿರ್ಣಯವು ಬೇಕಾಗುತ್ತಿರಲಿಲ್ಲ.

ಭರತಖಂಡದಲ್ಲಿ ಈ ಚರ್ಚೆಯು ತೀವ್ರವಾಗಿ ನಡೆದುದು ಹ್ಯಾಂಡ್ಸರು ಬಳ್ಳಾರಿಯಲ್ಲಿ ಭಾಷಾಂತರಿಸುತ್ತಿದ್ದ ಕಾಲದಲ್ಲಿಯೇ. 1820ರಲ್ಲಿ ರಾಜಾ ರಾಮಮೋಹನ ರಾಯರು ಯೇಸುವಿನ ನೀತಿಬೋಧೆಗಳನ್ನು ಮಾತ್ರ ಆಯ್ದು ಪ್ರಕಟಿಸಲು, ಶ್ರೀರಾಮಪುರದ ಜೋಶುವಾ ಮಾರ್ಷ್‌ಮನ್ ಆಕ್ಷೇಪಿಸಿದರು. ರಾಯರು ಇಬ್ರಿಯವನ್ನು ಕಲಿತು, ಹಳೆಯ ಒಡಂಬಡಿಕೆಯ ಪ್ರಮಾಣಗಳನ್ನು ಒಂದೊಂದಾಗಿ ಎತ್ತಿ ಉತ್ತರ ಬರೆದರು. ಮಿಷನ್ ಮುದ್ರಣಾಲಯವು ಒಪ್ಪದಿರಲು 1823ರ ಅಂತಿಮ ಗ್ರಂಥವನ್ನು ತಾವೇ ಅಚ್ಚುಹಾಕಿಸಿದರು. ಹಿಂದೂ ಪಂಡಿತನೊಬ್ಬನು ಪರಮತದ ಶ್ರುತಿಯನ್ನು ಅದರ ಮೂಲಭಾಷೆಯಲ್ಲಿಯೇ ಓದಿ ವಿಚಾರಿಸಬೇಕೆಂಬ ನಿಯಮಕ್ಕೆ ಇದು ನಿದರ್ಶನ.

ಮೀಮಾಂಸಕರು ಗ್ರಂಥತಾತ್ಪರ್ಯಕ್ಕೆ ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳಿರುವರು. ಇವುಗಳಿಂದ ಪರೀಕ್ಷಿಸಿದರೆ ಇಬ್ರಿಯ ಶಾಸ್ತ್ರದಲ್ಲಿ ಮತ್ತೆ ಮತ್ತೆ ಅಭ್ಯಸ್ತವಾದುದು ದೇವರ ಏಕತ್ವ, ಮೂರೆಂಬುದಕ್ಕೆ ಅಭ್ಯಾಸವಿಲ್ಲ. ಆದುದರಿಂದ ತ್ರಯೈಕ್ಯವು ಆ ಶಾಸ್ತ್ರದ ವಾಚ್ಯಾರ್ಥವಲ್ಲ, ತಾತ್ಪರ್ಯಾರ್ಥವೂ ಅಲ್ಲ. ಆದರೆ ವೇದಾರ್ಥವನ್ನು ಇತಿಹಾಸಪುರಾಣಗಳಿಂದ ಉಪಬೃಂಹಣ ಮಾಡುವ ಪದ್ಧತಿ ನಮ್ಮಲ್ಲಿರುವಂತೆ, ಕ್ರೈಸ್ತರು ಹೊಸ ಒಡಂಬಡಿಕೆಯ ಬೆಳಕಿನಲ್ಲಿ ಹಳೆಯದನ್ನು ಓದಿ ವಾಕ್ಯ, ಆತ್ಮ, ಜ್ಞಾನಗಳಲ್ಲಿ ತಮ್ಮ ಸಿದ್ಧಾಂತದ ಬೀಜಗಳನ್ನು ಕಾಣುವುದು ಅವರ ಸಂಪ್ರದಾಯಕ್ಕೆ ಯುಕ್ತವೇ. ಆ ಓದಿಗೆ ಬಲ ಬರುವುದು ಹೊಸ ಒಡಂಬಡಿಕೆಯಿಂದ, ‘ಈಮ್’ ಪ್ರತ್ಯಯದಿಂದಲ್ಲ. ಸತ್ಯವೇದವನ್ನು ಸಾಹಿತ್ಯವಾಗಿ ಪಾಠ ಹೇಳುವ ಕನ್ನಡ ಉಪಾಧ್ಯಾಯರು ‘ದೇವರು’ ಎಂಬ ಪದದ ಬಹುವಚನವನ್ನು ವಿದ್ಯಾರ್ಥಿಗಳಿಗೆ ಮೊದಲು ವಿವರಿಸಿದರೆ, ಯೆಹೂದ್ಯರ ಶ್ರುತಿಗೂ ಕ್ರೈಸ್ತರ ಸಿದ್ಧಾಂತಕ್ಕೂ ಸಲ್ಲಬೇಕಾದ ನ್ಯಾಯವು ಒಟ್ಟಿಗೆ ಸಲ್ಲುವುದು.